ಎಡಗೈಯ ದನಿ

ಐವತ್ತು ದಾಟಿದ ಗೃಹಸ್ಥನೊಬ್ಬನು ತನ್ನ ಕಾರಿಗೆ ‘ಸಬ್‌ವೂಫರ್’ ಹಾಕಿಸಲು ಹೊರಟನೆಂದರೆ ನಾಲ್ಕು ಜನ ನಗುವುದು ಸಹಜವೇ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತು, ನಮ್ಮ ಕಾರಿನ ಗಾಜನ್ನೂ ನಮ್ಮ ಎದೆಗೂಡನ್ನೂ ಏಕಕಾಲಕ್ಕೆ ನಡುಗಿಸಿ ಹೋಗುವ ತರುಣರನ್ನು ನಾನೂ ಮನಸಾರೆ ಶಪಿಸಿದವನೇ. ಅಂಥವನು ಅದೇ ಯಂತ್ರಕ್ಕಾಗಿ ಸೀತಾಬರ್ಡಿಯಿಂದ ಸದರಿನವರೆಗೆ ಅಂಗಡಿ ಅಂಗಡಿ ಅಲೆಯಬೇಕಾಗಿ ಬಂದದ್ದು ವಿಧಿಯ ವಿನೋದವಲ್ಲದೆ ಮತ್ತೇನು?

ಕಾರಣ ನಮ್ಮ ಅವ್ವ.

ನನ್ನ ತಂದೆಯವರು ಧಾರವಾಡದಲ್ಲಿ ಶಾಲಾಮಾಸ್ತರರಾಗಿದ್ದರು. ಸಂಜೆ ಭಜನೆಗೆ ತಬಲಾ ಬಾರಿಸುವುದು ಅವರ ಹವ್ಯಾಸ. ದೊಡ್ಡ ಕಲಾವಿದರೇನಲ್ಲ; ಆದರೆ ಓಣಿಯವರಿಗೆ ಅವರ ಠೇಕಾ ಇಲ್ಲದ ಭಜನೆ ಭಜನೆಯೇ ಅಲ್ಲ. ಅವರು ತೀರಿಕೊಂಡು ಹನ್ನೆರಡು ವರ್ಷಗಳಾದವು. ಹಳೆಯ ಕ್ಯಾಸೆಟ್ಟೊಂದರಲ್ಲಿ ಉಳಿದಿದ್ದ ಅವರ ಒಂದು ಗಂಟೆಯ ಭಜನೆಯನ್ನು ನನ್ನ ಮಗನು ಪೆನ್‌ಡ್ರೈವಿಗೆ ಇಳಿಸಿದ. ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ವರ್ಧಾ ದಾಟಿದ ಮೇಲೆ ಅದನ್ನು ಹಚ್ಚಿದೆವು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಅವ್ವ ಬಹಳ ಹೊತ್ತು ಸುಮ್ಮನೆ ಕೇಳಿದಳು. ಕೊನೆಗೆ, “ತಮ್ಮಾ, ನಿಮ್ಮಪ್ಪನ ಎಡಗೈ ಎಲ್ಲೆದ? ಬರೇ ಬಲಗೈ ಕೇಳತದ” ಎಂದಳು.

ಹೌದಲ್ಲವೆ! ‘ತಾ’, ‘ನಾ’, ‘ತಿನ್’ ಎಲ್ಲವೂ ಇದ್ದವು. ಡಗ್ಗದ ‘ಘೇ’ ಮಾತ್ರ ಎಲ್ಲಿಯೂ ಇರಲಿಲ್ಲ.

ಮನೆಗೆ ಮರಳಿದ ಮೇಲೆ ವಿಚಾರಿಸುತ್ತ ಹೋದೆ. ಕೆಲಕಾಲ ಇದೇ ನಾಗಪುರದಲ್ಲಿ ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದ ಸಿ. ವಿ. ರಾಮನ್‌ರವರು 1920ರಷ್ಟು ಹಿಂದೆಯೇ ನಮ್ಮ ದೇಶದ ಚರ್ಮವಾದ್ಯಗಳ ನಾದವನ್ನು ಕುರಿತು ಬರೆದಿದ್ದಾರೆ. ನಡುವೆ ಹಚ್ಚಿದ ಕರಣೆಯೇ ಬಲಭಾಗದ ನಾದಕ್ಕೆ ಸ್ವರದ ಸ್ಪಷ್ಟತೆ ಕೊಡುತ್ತದೆಂದು ತೋರಿಸಿದರು. ಎಡಭಾಗದ ಡಗ್ಗ ಬೇರೆ ಸ್ವಭಾವದ್ದು. ಅದರ ದನಿ ಸೆಕೆಂಡಿಗೆ ನೂರು ಕಂಪನಗಳ ಆಸುಪಾಸಿನಲ್ಲಿ, ಅದಕ್ಕಿಂತ ಕೆಳಗೂ ಇಳಿಯುತ್ತದೆ. ಅಂಗೈಯ ಬುಡದಿಂದ ಒತ್ತಿ ಎಳೆದಾಗ ಜಾರುತ್ತ ಮೇಲೇರುತ್ತದೆ. ಕಾರಿನ ಬಾಗಿಲಲ್ಲಿರುವ ಪುಟ್ಟ ಸ್ಪೀಕರುಗಳಿಗೆ ಆ ಆಳಕ್ಕಿಳಿಯುವ ತ್ರಾಣವಿಲ್ಲ. ಸಾಲದುದಕ್ಕೆ ಚಕ್ರದ, ರಸ್ತೆಯ ಮೊರೆತವೂ ಅದೇ ಕೆಳಸ್ತರದ್ದು. ಇದ್ದಷ್ಟು ದನಿಯನ್ನೂ ಅದು ನುಂಗಿಬಿಡುತ್ತದೆ.

ಅಂಗಡಿಯೊಂದಕ್ಕೆ ಹೋದೆ. ಯಜಮಾನ ಹುಡುಗ ಉತ್ಸಾಹದಿಂದ, “ಬನ್ನಿ ಕಾಕಾ, ಹನ್ನೆರಡು ಇಂಚಿನದು, ಸಾವಿರದೈನೂರು ವ್ಯಾಟ್!” ಎಂದು ಒಂದು ಮಹಾಪೆಟ್ಟಿಗೆಯನ್ನು ತೋರಿಸಿದ. ಅದಕ್ಕೆ ಬಿಲದಂತಹ ಒಂದು ಕಿಂಡಿ. ತಂದೆಯವರ ಭಜನೆ ಹಚ್ಚಿಸಿದೆ. ಡಗ್ಗ ಕೇಳಿಸಿತು, ಸಂಶಯವಿಲ್ಲ; ಕಪಾಟಿನ ಗಾಜೂ ಕೇಳಿಸಿತು. ಆದರೆ ಪ್ರತಿಯೊಂದು ಪೆಟ್ಟೂ ಒಂದೇ ‘ಧುಂ’. ಅಂಗೈಯ ಆ ಜಾರು ಎಲ್ಲಿ ಹೋಯಿತು? ಅದು ನನ್ನ ತಂದೆಯ ಕೈಯಲ್ಲ, ಯಾರದೋ ಮದುವೆಯ ಬ್ಯಾಂಡು.

ನನ್ನ ಹೆಂಡತಿಯ ಆಕ್ಷೇಪಣೆ ಇನ್ನೂ ಮೂಲಭೂತವಾದದ್ದು. “ಅಲ್ರೀ, ಡಿಕ್ಕಿಯೊಳಗ ಇದನ್ನಿಟ್ಟರ ಅತ್ತಿಯವರ ಗಾಲಿಕುರ್ಚಿ ಎಲ್ಲಿಡೋದು?”

ಅವ್ವನಿಗೆ ಮೊಣಕಾಲಿನ ಬೇನೆ. ಗಾಲಿಕುರ್ಚಿ ಇಲ್ಲದೆ ಪ್ರಯಾಣವಿಲ್ಲ. ಅವಳಿಗಾಗಿ ತರುವ ಪೆಟ್ಟಿಗೆ ಅವಳ ಕುರ್ಚಿಯನ್ನೇ ಹೊರದೂಡಿದರೆ ಏನು ಬಂದಂತಾಯಿತು? ಟೇಪು ಹಿಡಿದು ಅಳೆದೆ. ಕುರ್ಚಿ ಮಡಿಚಿಟ್ಟ ಮೇಲೆ ಮೂಲೆಯಲ್ಲಿ ಉಳಿಯುವುದು ಹದಿನೈದು ಲೀಟರು ಹಿಡಿಯುವಷ್ಟು ಪೆಟ್ಟಿಗೆಗೆ ಜಾಗ. ಎಂದರೆ ಒಂದು ನೀರಿನ ಬಿಂದಿಗೆ.

ಇಷ್ಟು ಸಣ್ಣದರಲ್ಲಿ ಗಂಭೀರ ನಾದ ಸಾಧ್ಯವೆ? ಸಾಧ್ಯ, ಪೆಟ್ಟಿಗೆಯನ್ನು ಕಿಂಡಿಯಿಲ್ಲದೆ ಪೂರ್ತಿ ಮುಚ್ಚಬೇಕು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ಇದನ್ನು ತೋರಿಸಿಕೊಟ್ಟರು. ಮುಚ್ಚಿದ ಪೆಟ್ಟಿಗೆಯೊಳಗೆ ಸೆರೆಸಿಕ್ಕ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ, ಸ್ಪೀಕರಿನ ಪರದೆಯನ್ನು ಪ್ರತಿಸಲವೂ ಸ್ವಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. ಆದುದರಿಂದಲೇ ಪೆಟ್ಟು ಪೆಟ್ಟಿಗೂ ಬಿಡಿತನ ಉಳಿಯುತ್ತದೆ.

ಆದರೆ ಎಲ್ಲ ಸ್ಪೀಕರೂ ಎಲ್ಲ ಪೆಟ್ಟಿಗೆಗೂ ಒಗ್ಗುವುದಿಲ್ಲ. ಆಸ್ಟ್ರೇಲಿಯದ ಥೀಲ್ ಎಂಬವರು 1961ರಲ್ಲಿಯೂ, ಸಿಡ್ನಿಯಲ್ಲಿ ಸಂಶೋಧನೆ ನಡೆಸಿದ ಸ್ಮಾಲ್ ಎಂಬವರು 1972ರ ಸುಮಾರಿನಲ್ಲಿಯೂ ಈ ಹೊಂದಾಣಿಕೆಗೆ ಗಣಿತ ಹಾಕಿಕೊಟ್ಟಿದ್ದಾರೆ. ಸ್ಪೀಕರಿನೊಡನೆ ಬರುವ ಕಾಗದದಲ್ಲಿ ಮೂರು ಅಂಕೆಗಳನ್ನು ನೋಡಿರಿ. ‘ಎಫ್‌ಎಸ್’ ಎಂಬುದು ಪೆಟ್ಟಿಗೆಯಿಲ್ಲದಾಗ ಪರದೆ ಸಹಜವಾಗಿ ಕಂಪಿಸುವ ವೇಗ. ‘ಕ್ಯೂಟಿಎಸ್’ ಎಂಬುದು ಅದರ ಹಿಡಿತದ ಅಳತೆ. ಅಂಕೆ ದೊಡ್ಡದಾದಷ್ಟೂ ತೂಗಾಟ ನಿಲ್ಲುವುದು ತಡ. ‘ವಿಎಎಸ್’ ಎಂಬುದು ಆ ಪರದೆಯ ಕಟ್ಟಿನಷ್ಟೇ ಮೆತ್ತಗಿರುವ ಗಾಳಿ ಎಷ್ಟು ಲೀಟರು ಎಂಬ ಲೆಕ್ಕ.

ವಿಎಎಸ್ ಅಂಕೆಯನ್ನು ಪೆಟ್ಟಿಗೆಯ ಲೀಟರುಗಳಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು, ಅದರಿಂದ ಉಳಿದೆರಡು ಅಂಕೆಗಳನ್ನು ಗುಣಿಸಿದರೆ ಫಲ ತಿಳಿಯುತ್ತದೆ. ಹಿಡಿತದ ಅಂಕೆ 0.7ರ ಹತ್ತಿರ ಬಂದರೆ ನಾದ ಸಮತೂಕ. 1 ದಾಟಿದರೆ ಗುಂಯ್ಗುಟ್ಟುವಿಕೆ. ನಾನು ನೋಡಿದ ಒಂದು ಹನ್ನೆರಡು ಇಂಚಿನ ಸ್ಪೀಕರಿಗೆ ಈ ಅಂಕೆಗಳು ಕ್ರಮವಾಗಿ 25, 0.5, 90. ಹದಿನೈದು ಲೀಟರಿನಲ್ಲಿ ಅದನ್ನು ಕೂಡಿಸಿದರೆ ಹಿಡಿತ 1.32, ಕಂಪನ 66! ಹತ್ತು ಇಂಚಿನ ಇನ್ನೊಂದಕ್ಕೆ 30, 0.41, 30. ಅದರ ಹಿಡಿತ 0.71, ಕಂಪನ 52. ದೊಡ್ಡದಕ್ಕಿಂತ ಚಿಕ್ಕದೇ ಆಳಕ್ಕಿಳಿಯುತ್ತದೆಂದು ಕಾಗದದ ಮೇಲೆ ಕಂಡಾಗ, ಮಾಸ್ತರರ ಮಗನಾದ ನನಗೆ ಲೆಕ್ಕ ಸರಿಬಂದ ಹುಡುಗನಷ್ಟೇ ಸಂತೋಷವಾಯಿತು. 52ರ ಕೆಳಗೆ ದನಿ ಕ್ರಮೇಣ ಇಳಿಯುತ್ತದೆ, ನಿಜ. ಆದರೆ ಕಾರಿನ ಒಳಾಂಗಣವು ತಾನೇ ಚಿಕ್ಕದಾಗಿರುವುದರಿಂದ ಕೆಳಸ್ತರದ ದನಿಯನ್ನು ಹೆಚ್ಚಿಸಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ.

ಸಣ್ಣ ಪೆಟ್ಟಿಗೆ ಕೇಳುವ ತೆರಿಗೆ ಒಂದೇ: ವಿದ್ಯುಚ್ಛಕ್ತಿ ಹೆಚ್ಚು ಬೇಕು. ಆಂಪ್ಲಿಫೈಯರ್ ಕೊಳ್ಳುವಾಗ ದೊಡ್ಡಕ್ಷರದ ವ್ಯಾಟುಗಳಿಗೆ ಮರುಳಾಗದೆ ‘ಆರ್‌ಎಂಎಸ್’ ಎಂದು ಬರೆದ ಅಂಕೆಯನ್ನಷ್ಟೇ ನಂಬಬೇಕು. ನನಗೆ 250 ಸಾಕಾಯಿತು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಲೇಬೇಕು. ಇಲ್ಲವಾದರೆ ತಂತಿ ಸವೆದ ದಿನ ಸಂಗೀತವಲ್ಲ, ಬೆಂಕಿ.

ಪೆಟ್ಟಿಗೆಯನ್ನು ನಮ್ಮ ಬಡಾವಣೆಯ ಬಡಗಿಯಿಂದ ಮಾಡಿಸಿದೆ. ಹದಿನೆಂಟು ಮಿಲಿಮೀಟರ್ ದಪ್ಪದ ಪ್ಲೈವುಡ್ಡು. ಒಳಗಳತೆ 30, 27, 20 ಸೆಂಟಿಮೀಟರ್. ಹದಿನಾರು ಲೀಟರಿಗೆ ತುಸು ಹೆಚ್ಚಾಗುತ್ತದೆ. ಸ್ಪೀಕರಿನ ಹಿಂಭಾಗವೇ ಒಂದು ಲೀಟರು ನುಂಗುವುದರಿಂದ ಉಳಿಯುವುದು ಹದಿನೈದು. “ಗಾಳಿ ಆಡಲು ಒಂದು ತೂತು ಬೇಡವೆ ಭಾವೂ?” ಎಂದು ಅವನು ಎರಡು ಸಲ ಕೇಳಿದ. ಬೇಡವೆಂದು ಸಂದುಗಳಿಗೆಲ್ಲ ಅಂಟು ಹಾಕಿಸಿದೆ. ಪರದೆಯನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಅದು ತಡೆತಡೆದು ಮೇಲೆ ಬರಬೇಕು. ಥಟ್ಟನೆ ಬಂದರೆ ಎಲ್ಲಿಯೋ ಸೋರುತ್ತಿದೆಯೆಂದು ತಿಳಿಯಬೇಕು. ನಮ್ಮದು ತಡೆದೇ ಬಂದಿತು. ಬಾಗಿಲ ಸ್ಪೀಕರುಗಳಿಗೂ ಇದಕ್ಕೂ ಗಡಿಯನ್ನು 80 ಕಂಪನಗಳಲ್ಲಿ ಹಾಕಿದೆವು. ಮಗನು ಮೊದಲು ತನ್ನ ಹಾಡು ಹಚ್ಚಿ, “ಅಪ್ಪಾ, ಏನೂ ನಡುಗವಲ್ದಲ್ಲ!” ಎಂದು ಮುಖ ಸಣ್ಣದು ಮಾಡಿದ.

ಯುಗಾದಿಗೆ ಮತ್ತೆ ಹೊರಟೆವು. ಯವತಮಾಳ, ನಾಂದೇಡ, ಲಾತೂರ, ತುಳಜಾಪುರ. ಸೊಲ್ಲಾಪುರದಲ್ಲಿ ರಾತ್ರಿ ತಂಗಿ, ಬೆಳಗ್ಗೆ ವಿಜಯಪುರದ ಹಾದಿ ಹಿಡಿದಾಗ ಅವ್ವ ತಾನಾಗಿಯೇ, “ಅವರದು ಹಚ್ಚು” ಎಂದಳು. ಭಜನೆ ಆರಂಭವಾಯಿತು. ಡಗ್ಗ ಮೆಲ್ಲಗೆ, ಹಿಂದಿನ ಸೀಟಿನಲ್ಲಿ ಯಾರೋ ಕುಳಿತು ಬಾರಿಸುತ್ತಿರುವಂತೆ ಮಾತಾಡಿತು. ಅಂಗೈ ಜಾರಿದ್ದು, ಬೆರಳು ಎತ್ತಿದ್ದು ಎಲ್ಲವೂ ಬಿಡಿಬಿಡಿಯಾಗಿ ಕೇಳಿಸಿದವು. ಅವ್ವನ ಎಡಗೈ ಅವಳಿಗೆ ತಿಳಿಯದಂತೆಯೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಒಂದು ಕಡೆ ಕೈ ನಿಂತಿತು. ಅವಳು ಫಕ್ಕನೆ ನಕ್ಕಳು.

“ಇಲ್ಲೆ ನೋಡು, ಒಂದು ಮಾತ್ರಿ ನುಂಗ್ಯಾರ. ಅವತ್ತೂ ನಾ ಹೇಳಿದ್ದೆ, ಒಪ್ಪಿದ್ದಿಲ್ಲ.”

ಹಿಂದಕ್ಕೆ ಸರಿಸಿ ಕೇಳಿದೆವು. ನುಂಗಿದ್ದು ನಿಜ.