ನೀರಿನೊಳಗಿನ ಚರ್ಚು

ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಒಂದು ಪಾಳು ಚರ್ಚಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಅದನ್ನು ಅರ್ಧ ನುಂಗುತ್ತೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತೆ. ನಮ್ಮ ಆಫೀಸಿನ ಹುಡುಗರಿಗೆ ಅದು ವೀಕೆಂಡ್ ಫೋಟೋ. ನಮ್ಮಜ್ಜಿಗೆ ತಾಳಿ ಕಟ್ಟಿಸಿಕೊಂಡ ಜಾಗ.

ಊರು ಬಿಡುವಾಗ ಅಜ್ಜಿ ತಂದಿದ್ದು ಎರಡು ಹಸು, ಒಂದು ಒರಳು, ಒಂದು ಜಪಸರ. "ದೇವರು ತನ್ನ ಮನೆಯನ್ನೇ ಉಳಿಸಿಕೊಳ್ಳಲಿಲ್ವಲ್ಲ ಅಜ್ಜಿ?" ಅಂತ ಬಿಇ ಓದುವಾಗ ಕೇಳಿದ್ದೆ. "ಮನೆ ಹೋಯ್ತು ಕಣ್ಲಾ. ಅವನು ಎದ್ದು ನಮ್ ಜೊತೆಗೇ ಬಂದ" ಅಂದಿದ್ಲು. ನಾನು ನಕ್ಕಿದ್ದೆ.

ಹೋದ ವರ್ಷ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿ 11 ದಿನ ಎನ್‌ಐಸಿಯುನಲ್ಲಿದ್ದಳು. ಕೋಡ್ ಆದ್ರೆ ಎಲ್ಲಿ ತಪ್ಪಾಯ್ತು ಅಂತ ಲಾಗ್ ನೋಡಬಹುದು. ಗಾಜಿನಾಚೆ ಮಲಗಿದ ಕೂಸಿಗೆ ಲಾಗ್ ಎಲ್ಲಿ? ಪ್ರಾರ್ಥನೆ ಮಾಡೋಣ ಅಂದ್ರೆ ಮಾತೇ ಹೊರಡಲಿಲ್ಲ. ಅಜ್ಜಿಯ ಸವೆದ ಜಪಸರ ಜೇಬಿನಲ್ಲಿತ್ತು. ಮಣಿ ಎಣಿಸಿದೆ, ಅಷ್ಟೇ. ಅದಕ್ಕೆ ನಂಬಿಕೆ ಅನ್ನಬಹುದೋ ಏನೋ.

ಮಗಳು ಈಗ ಅಂಬೆಗಾಲಿಡ್ತಾಳೆ. ಅದಕ್ಕೇ ದೇವರಿದ್ದಾನೆ ಅಂತ ನಾನು ಹೇಳಿಬಿಟ್ರೆ, ಪಕ್ಕದ ತೊಟ್ಟಿಲು ಖಾಲಿಯಾದ ಅಪ್ಪನಿಗೆ ಏನು ಹೇಳಲಿ? ಆ ರಾತ್ರಿ ಅವನ ಜೊತೆ ಬೆಳಗಿನವರೆಗೂ ಬೆಂಚಿನ ಮೇಲೆ ಕೂತಿದ್ದೆ. ಜಪಸರ ಅವನ ಕೈಲಿಟ್ಟೆ. ಯಾವ ದೇವರದ್ದು ಅಂತ ಕೇಳದೆ ಬಿಗಿಯಾಗಿ ಹಿಡಿದುಕೊಂಡ. ಅಜ್ಜಿಯ ಮಾತು ಸ್ವಲ್ಪವಾದರೂ ನನಗೆ ಅರ್ಥವಾಗಿದ್ದು ಆ ಬೆಂಚಿನ ಮೇಲೆ.