ಕೋಳಿಯನ್ನು ಕೇಳುವುದು

"ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ?" ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಬಲವಿಲ್ಲದವರ ಇಷ್ಟಾನಿಷ್ಟಗಳನ್ನು ವಿಚಾರಿಸುವ ಪದ್ಧತಿ ಲೋಕದಲ್ಲಿಲ್ಲವೆಂಬುದು ಅದರ ತಾತ್ಪರ್ಯ. ಅಡಿಗೆಮನೆಯ ಮಟ್ಟಿಗೆ ಈ ಮಾತು ಸಲ್ಲುವುದಾದರೆ ಸಲ್ಲಲಿ. ಆದರೆ ಹಿತ್ತಿಲಿನಲ್ಲಿ ನಾಲ್ಕು ಹೇಂಟೆಗಳನ್ನೂ ಒಂದು ಹುಂಜವನ್ನೂ ಸಾಕಿಕೊಂಡು, ಅವುಗಳ ಮೊಟ್ಟೆಯನ್ನು ಮಕ್ಕಳಿಗೆ ಕೊಡುವ ಸಂಸಾರಿಗಳು ಔಷಧವನ್ನೂ ಇದೇ ನ್ಯಾಯದಿಂದ ಅರೆಯತೊಡಗಿದರೆ ಅನರ್ಥವು ಕೋಳಿಯಲ್ಲಿಗೇ ನಿಲ್ಲುವುದಿಲ್ಲ.

ಬೆಂಗಳೂರಿನ ಪಡುವಣ ಭಾಗದಲ್ಲಿ ಹಿತ್ತಿಲೆಂಬುದೇ ಈಗ ಅಪರೂಪವಾಗುತ್ತಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನಿವೇಶನಗಳಲ್ಲಿ ಮನೆಯು ಮನೆಗೆ ತಾಗಿ ನಿಂತಿದೆ. ಕೆಂಗೇರಿಗೆ 2021ರಲ್ಲಿ ಮೆಟ್ರೋ ರೈಲೂ ಬಂದು ಮುಟ್ಟಿತು. ಹೀಗಿದ್ದರೂ ಕೆಲವು ಮನೆಗಳ ಹಿಂಭಾಗದಲ್ಲಿ, ತೆಂಗಿನ ಮರದ ಬುಡದಲ್ಲಿಯೋ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿಯೋ ಒಂದು ಮರದ ಗೂಡು ಉಳಿದಿರುವುದು. ಅದರಲ್ಲಿ ಕೆಲವರು ನಾಟಿ ಕೋಳಿಯನ್ನೂ, ಕೆಲವರು ಹೆಬ್ಬಾಳದಲ್ಲಿ ಸಂಶೋಧಿಸಿ ಬೆಳೆಸಿದ ಗಿರಿರಾಜ ತಳಿಯನ್ನೂ ಸಾಕುವರು. ಜಾಗ ಇಕ್ಕಟ್ಟಾದಷ್ಟೂ ಕೋಳಿಗಳ ಉಪದ್ರವಗಳು ಹೆಚ್ಚುವುವು. ಕೆದಕುವುದಕ್ಕೆ ಮಣ್ಣಿಲ್ಲದೆ, ಹೊರಳುವುದಕ್ಕೆ ಧೂಳಿಲ್ಲದೆ, ಸೂರಿನಡಿಯ ಪಾರಿವಾಳದ ಗೂಡಿನಿಂದ ಬೀಳುವ ಕ್ರಿಮಿಗಳನ್ನು ಕೊಡವಿಕೊಳ್ಳುವ ಉಪಾಯವೇ ಅವಕ್ಕೆ ತಪ್ಪಿಹೋಗುವುದು.

ಕೆಂಗೇರಿಯ ಹಳೆಯ ಪೇಟೆಯಲ್ಲಿ ಇಂತಹ ಒಂದು ಮನೆಯುಂಟು. ಯಜಮಾನರು ನಿವೃತ್ತ ಉಪಾಧ್ಯಾಯರು. ಒಂದು ವರ್ಷ ಶ್ರಾವಣ ಕಳೆಯುವಷ್ಟರಲ್ಲಿ ಅವರ ಕೋಳಿಗಳ ಪೈಕಿ ಮೂರು ಗರಿ ಉದುರಿಸಿಕೊಂಡು ಅಸಹ್ಯವಾಗಿ ಕಾಣತೊಡಗಿದುವು. ಮನೆಯ ಹಿರಿಯಾಕೆಯು ದೃಷ್ಟಿಯಾಗಿದೆಯೆಂದರು, ನೆರೆಯವರು ಉಷ್ಣವೆಂದರು, ಕಾಲೇಜಿಗೆ ಹೋಗುವ ಮೊಮ್ಮಗನು ಗುಲಾಬಿ ಗಿಡಕ್ಕೆಂದು ತಂದಿದ್ದ ಕೀಟನಾಶಕದ ಸೀಸೆಯನ್ನೇ ಹಿಡಿದು ಬಂದನು. ನೀರಿಗೆ ನಾಲ್ಕು ಹನಿ ಬೆರಸಿ ಎಲ್ಲ ಕೋಳಿಗಳನ್ನೂ ಮುಳುಗಿಸಿ ತೆಗೆದರೆ ಕೆಲಸ ಮುಗಿಯಿತೆಂದು ಅವನ ಮತ. ಉಪಾಧ್ಯಾಯರು ಸೀಸೆಯನ್ನು ತೆಗೆದಿರಿಸಿ, "ಮೊದಲು ಕೋಳಿಯನ್ನು ಕೇಳೋಣ" ಎಂದರು.

ಗರಿ ಉದುರುವುದು ಒಂದೇ ರೋಗವಲ್ಲ. ಎಷ್ಟೋ ವೇಳೆ ಅದು ರೋಗವೇ ಅಲ್ಲ. ವರ್ಷಕ್ಕೊಮ್ಮೆ ಹಳೆಯ ಗರಿಯನ್ನು ಬಿಟ್ಟು ಹೊಸದನ್ನು ತೊಡುವುದು ಕೋಳಿಯ ಸ್ವಭಾವ. ಹಗಲು ಕುಗ್ಗುವುದೇ ಅದಕ್ಕೆ ಸೂಚನೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರಿನ ಹಗಲಿಗೂ ಇರುವ ಅಂತರವು ಸುಮಾರು ಒಂದೂವರೆ ಗಂಟೆ ಮಾತ್ರ. ಶೀತದೇಶಗಳಿಗೆ ಹೋಲಿಸಿದರೆ ಇದು ಅಲ್ಪವೇ ಆದರೂ ಕೋಳಿಯ ಕಣ್ಣು ಅದನ್ನು ಲೆಕ್ಕವಿಡುವುದು. ತಲೆ ಕತ್ತುಗಳಿಂದ ಮೊದಲಾಗಿ ಎದೆ, ಮೈ, ರೆಕ್ಕೆ, ಬಾಲ ಎಂಬ ಕ್ರಮದಲ್ಲಿ ಗರಿಗಳು ಕಳಚಿ, ಎರಡು ಮೂರು ತಿಂಗಳಲ್ಲಿ ಹೊಸ ಉಡುಪು ಸಿದ್ಧವಾಗುವುದು. ಆ ಕಾಲದಲ್ಲಿ ಮೊಟ್ಟೆ ನಿಲ್ಲುವುದೂ ಸಹಜ. ಉಪಾಧ್ಯಾಯರ ಮೊದಲನೆಯ ಹೇಂಟೆಯ ಕತ್ತಿನಲ್ಲಿ ಮುಳ್ಳಿನಂತಹ ಹೊಸ ಮೊಳಕೆಗಳು ತಲೆಯೆತ್ತಿದ್ದುವು. ಆಕೆಗೆ ಬೇಕಾಗಿದ್ದುದು ಆಹಾರವೇ ಹೊರತು ಔಷಧವಲ್ಲ. ಗರಿಯು ಬಹುಪಾಲು ಪ್ರೋಟೀನಿನಿಂದಾದುದು. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ನೂರಕ್ಕೆ 16ರಿಂದ 18 ಭಾಗ ಪ್ರೋಟೀನು ಇರಬೇಕು; ಅನ್ನದ ಅಕ್ಕಿಯಲ್ಲಿಯೂ ರಾಗಿಯಲ್ಲಿಯೂ ಇರುವುದು ಸುಮಾರು 7 ಭಾಗ. ಮಿಕ್ಕ ಅನ್ನವನ್ನೇ ನಂಬಿದ ಕೋಳಿಯು ಒಂದೊಂದು ವೇಳೆ ತನ್ನ ಸಂಗಡಿಗರ ಗರಿಯನ್ನೇ ಕಿತ್ತು ತಿನ್ನುವುದುಂಟು. ಬೂಷ್ಟು ಹಿಡಿಯದ ಕಡಲೆಕಾಯಿ ಹಿಂಡಿಯನ್ನು ಒಂದು ಹಿಡಿ ಸೇರಿಸಿದರೆ ಈ ಕೊರತೆಯು ಬಹುಮಟ್ಟಿಗೆ ತುಂಬುವುದು.

ಎರಡನೆಯ ಹೇಂಟೆಗೆ ಬೆನ್ನಿನ ಮೇಲೆ ಮಾತ್ರ ಬೋಳು. ಅಲ್ಲಿನ ಚರ್ಮವು ನಿರ್ಮಲವಾಗಿತ್ತು. ಗರಿಗಳು ಬುಡದಿಂದ ಕಳಚದೆ ನಡುವೆ ಮುರಿದಿದ್ದುವು. ಇದು ಹುಂಜನ ಪ್ರಸಾದ. ಹೇಂಟೆಗಳು ಕಡಿಮೆಯಾಗಿ ಹುಂಜದ ಉಗುರು ಬೆಳೆದಿದ್ದರೆ ಅದಕ್ಕೆ ಪ್ರಿಯಳಾದವಳ ಬೆನ್ನು ಹೀಗಾಗುವುದು. ಉಗುರನ್ನು ಸವೆಸಿ, ಹುಂಜವನ್ನು ಕೆಲವು ಕಾಲ ಬೇರೆಯಿಟ್ಟರೆ ಅದೇ ಚಿಕಿತ್ಸೆ.

ಮೂರನೆಯದರ ಕಥೆ ಬೇರೆ. ಜುಟ್ಟು ಬಿಳಿಚಿಕೊಂಡಿತ್ತು; ಸಂಜೆಯಾದರೂ ಗೂಡಿಗೆ ಹೋಗಲೊಲ್ಲದು; ಹಿಡಿದು ನೋಡಿದರೆ ಮೈ ಹಗುರ. ಹಗಲಿನಲ್ಲಿ ಗುದದ ಸುತ್ತಣ ಗರಿಗಳನ್ನು ಬಿಡಿಸಿ ನೋಡಿದುದಾಯಿತು. ಹೇನಾಗಿದ್ದರೆ ಅಲ್ಲಿಯೇ ಹುಲ್ಲಿನ ಬಣ್ಣದ ಹುಳುಗಳು ಸರಸರನೆ ಓಡುತ್ತಿದ್ದುವು. ಗರಿಯ ಬುಡದಲ್ಲಿ ಅದರ ಮೊಟ್ಟೆಗಳು ಬಿಳಿಯ ಗಂಟಾಗಿ ಅಂಟಿರುತ್ತಿದ್ದುವು. ಹೇನಿನ ಜನ್ಮವೆಲ್ಲ ಕೋಳಿಯ ಮೈಮೇಲೆಯೇ. ಅಲ್ಲಿಂದ ಬಿದ್ದರೆ ಸುಮಾರು ಒಂದು ವಾರದಲ್ಲಿ ಸಾಯುವುದು. ಇಲ್ಲಿ ಅಂತಹುದೇನೂ ಕಾಣಲಿಲ್ಲ. ಆದುದರಿಂದ ಉಪಾಧ್ಯಾಯರು ರಾತ್ರಿಯಾಗುವವರೆಗೆ ಕಾದು, ಬ್ಯಾಟರಿ ದೀಪವನ್ನು ಹಿಡಿದು, ಕೋಳಿ ಕೂರುವ ಅಡ್ಡಗೋಲಿನ ತಳಭಾಗವನ್ನು ಒಂದು ಬಿಳಿಯ ಬಟ್ಟೆಯಿಂದ ಒರಸಿದರು. ಬಟ್ಟೆಯ ಮೇಲೆ ಕೆಂಪು ಗೆರೆಗಳು ಮೂಡಿದುವು. ಆ ಕೆಂಪು ಕೋಳಿಯದೇ ರಕ್ತ.

ಕೆಂಪುನುಸಿಯೆಂಬ ಈ ಜಂತುವು ಸಾಸಿವೆಗಿಂತಲೂ ಚಿಕ್ಕದು. ಹಗಲೆಲ್ಲ ಹಲಗೆಯ ಸಂದಿನಲ್ಲಿ ಅಡಗಿದ್ದು, ಕತ್ತಲಾದೊಡನೆ ಹೊರಟು, ನಿದ್ರಿಸುವ ಕೋಳಿಯ ರಕ್ತವನ್ನು ಹೀರಿ ಬೆಳಗಾಗುವ ಮುನ್ನ ಮನೆ ಸೇರುವುದು. ಬೆಚ್ಚನೆಯ ಹವೆಯಲ್ಲಿ ಇದರ ಒಂದು ತಲೆಮಾರು ಬೆಳೆಯುವುದಕ್ಕೆ ವಾರ ಹತ್ತು ದಿನಗಳು ಸಾಕು. ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲುದು. ಕೋಳಿಯ ಉಣ್ಣೆಯೂ ಇದೇ ಜಾತಿಯ ರಾತ್ರಿಗಳ್ಳ. ರಕ್ತವನ್ನು ಹೀರುವುದಲ್ಲದೆ ಜ್ವರದ ಸೂಕ್ಷ್ಮಜೀವಿಯನ್ನೂ ಒಂದರಿಂದೊಂದಕ್ಕೆ ದಾಟಿಸುವುದು. ಮೊಮ್ಮಗನ ಉಪಾಯದಂತೆ ಕೋಳಿಗಳನ್ನು ವಿಷದಲ್ಲಿ ಮುಳುಗಿಸಿದ್ದರೆ ನಿರಪರಾಧಿಗಳಾದ ಎರಡು ಶಿಕ್ಷೆಗೊಳಗಾಗಿ, ಮೂರನೆಯದರ ಶತ್ರುಗಳು ಹಲಗೆಯ ಸಂದಿನಲ್ಲಿ ಸುಖವಾಗಿರುತ್ತಿದ್ದುವು.

ವಿಷವು ಹೋಗಿ ಸೇರುವ ಸ್ಥಳವಾದರೋ ಇನ್ನೂ ಆಲೋಚಿಸತಕ್ಕದ್ದು. 2017ರಲ್ಲಿ ಹಾಲೆಂಡು ಬೆಲ್ಜಿಯಂ ದೇಶಗಳ ಕೋಳಿಮನೆಗಳಲ್ಲಿ ಇದೇ ಕೆಂಪುನುಸಿಯನ್ನು ಕೊಲ್ಲುವುದಕ್ಕಾಗಿ, ಆಹಾರದ ಪ್ರಾಣಿಗಳಿಗೆ ಬಳಸಕೂಡದ ಫಿಪ್ರೋನಿಲ್ ಎಂಬ ಕೀಟನಾಶಕವನ್ನು ಪ್ರಯೋಗಿಸಿದರು. ಅದು ಮೊಟ್ಟೆಯಲ್ಲಿ ಕಂಡುಬಂದು, ಯೂರೋಪಿನ ಅನೇಕ ದೇಶಗಳಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ಗರಿಯ ಮೇಲೆ ಎರೆದುದು ಮೊಟ್ಟೆಯೊಳಕ್ಕೆ ಇಳಿಯಬಲ್ಲುದೆಂಬುದು ಅಲ್ಲಿನ ಸಾಹುಕಾರರಿಗೆ ಎಷ್ಟು ನಿಜವೋ ಕೆಂಗೇರಿಯ ಸಂಸಾರಿಗೂ ಅಷ್ಟೇ ನಿಜ. ಗಿಡದ ಔಷಧವು ಗಿಡಕ್ಕೇ ಇರಲಿ. ಕೋಳಿಗೆ ಔಷಧ ಬೇಕೇಬೇಕಾದಲ್ಲಿ ಪಶುವೈದ್ಯರನ್ನು ಕೇಳಿ, ಎಷ್ಟು ದಿನದ ಮೊಟ್ಟೆಯನ್ನು ತಿನ್ನಬಾರದೆಂಬುದನ್ನೂ ಅವರ ಬಾಯಿಂದಲೇ ತಿಳಿಯತಕ್ಕದ್ದು.

ಆ ಮನೆಯಲ್ಲಿ ಮಾಡಿದುದು ಇಷ್ಟು. ಕೋಳಿಗಳನ್ನು ಕೆಲವು ರಾತ್ರಿ ಬೇರೊಂದು ಬುಟ್ಟಿಯಡಿ ಇರಿಸಿದರು. ಗೂಡಿನ ಕಸವನ್ನು ಕೆರೆದು ತೆಗೆದು ಸುಟ್ಟರು. ಪ್ರತಿ ಸಂದಿಗೂ ಕುದಿಯುವ ನೀರನ್ನು ಹುಯ್ದು ಒಣಗಿಸಿ, ಗಟ್ಟಿಯಾಗಿ ಸುಣ್ಣ ಬಳಿದು, ಬಿರುಕುಗಳನ್ನು ಮುಚ್ಚಿದರು. ಅಡ್ಡಗೋಲನ್ನು ಗೋಡೆಗೆ ತಾಗದಂತೆ ಎರಡು ಕಾಲುಗಳ ಮೇಲೆ ನಿಲ್ಲಿಸಿ, ಆ ಕಾಲುಗಳನ್ನು ಎಣ್ಣೆ ತುಂಬಿದ ಡಬ್ಬಿಗಳಲ್ಲಿಟ್ಟರು. ಇರುವೆ ಬಾರದಂತೆ ಅಡಿಗೆಮನೆಯ ಕಪಾಟಿನ ಕಾಲನ್ನು ನೀರಿನಲ್ಲಿಡುವ ಹಿರಿಯಾಕೆಗೆ ಈ ಯುಕ್ತಿಯನ್ನು ಯಾರೂ ವಿವರಿಸಬೇಕಾಗಲಿಲ್ಲ. ಎಂಟನೆಯ ದಿನ ಇಷ್ಟನ್ನೂ ಮತ್ತೆ ಮಾಡಿದರು. ಮೊದಲ ಸಲ ಸಾಯದೆ ಉಳಿದ ನುಸಿಯ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುವುವು. ಈ ಎರಡನೆಯ ಸಲವನ್ನು ಮರೆಯುವವರ ಶ್ರಮವೆಲ್ಲ ವ್ಯರ್ಥ. ಹಿತ್ತಿಲಿನ ಮೂಲೆಯಲ್ಲಿ ಮಳೆ ತಾಗದಂತೆ ಮರಳನ್ನೂ ಒಣ ಬೂದಿಯನ್ನೂ ಬೆರಸಿದ ಒಂದು ಅಗಲವಾದ ಬಾಣಲೆಯನ್ನಿಟ್ಟರು. ಮುಂದೆ ಸಂತೆಯಿಂದ ತರುವ ಹೊಸ ಕೋಳಿಯನ್ನು ಮೂರು ವಾರ ಬೇರೆಯಿಟ್ಟು ನೋಡಿ ಹಿಂಡಿಗೆ ಸೇರಿಸುವುದೆಂದು ನಿಶ್ಚಯಿಸಿದರು.

ಫಲವು ಒಂದೇ ವೇಳೆಗೆ ಬರಲಿಲ್ಲ. ಬಿಳಿಚಿದ ಜುಟ್ಟಿಗೆ ಬಣ್ಣ ಬರುವುದಕ್ಕೆ ವಾರಗಳು ಹಿಡಿದುವು. ಬುಡದಿಂದ ಕಿತ್ತುಹೋದ ಗರಿಯು ಕೆಲವು ವಾರಗಳಲ್ಲಿಯೇ ಚಿಗುರುವುದು. ನಡುವೆ ಮುರಿದುದಾದರೋ ಆ ಮೋಟು ತಾನಾಗಿ ಕಳಚುವ ಕಾಲದವರೆಗೂ ಹಾಗೆಯೇ ನಿಲ್ಲುವುದು. ಆದಕಾರಣ ಹುಂಜನ ಪ್ರೀತಿಗೆ ಪಾತ್ರಳಾದ ಹೇಂಟೆಯು ಮುಂದಿನ ವರ್ಷದ ಶ್ರಾವಣದವರೆಗೂ ಬೋಳು ಬೆನ್ನಿನಲ್ಲಿಯೇ ಓಡಾಡಿದಳು. ಮೊಮ್ಮಗನು ಪ್ರತಿ ಶನಿವಾರ ರಾತ್ರಿ ಬಿಳಿಯ ಬಟ್ಟೆಯಿಂದ ಅಡ್ಡಗೋಲನ್ನು ಒರಸಿ, ಅದನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದನು.