ಉಡಿ ತುಂಬಿದ ಚಿತ್ರಗಳು

ಶ್ರೀಮಠದ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಬರವಣಿಗೆ ನನ್ನ ಕಾಯಕವಲ್ಲ. ಚಿತ್ತಾಪುರದಲ್ಲಿ ಅಂಗಡಿ ಇಟ್ಟುಕೊಂಡು ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಮನೆಗೆ ಹೋಗಿ, ಜನರು ಹೇಳಿದ ಚಿತ್ರಗಳನ್ನು ತೆಗೆದುಕೊಟ್ಟವನು ನಾನು. ಆದ್ದರಿಂದ ಗುರುಸ್ಮರಣೆಯನ್ನು ನನಗಿಂತ ಚೆನ್ನಾಗಿ ಬಲ್ಲವರಿಗೆ ಬಿಟ್ಟು, ನಿಶ್ಚಯ ಕಾರ್ಯದ ಛಾಯಾಚಿತ್ರವೆಂಬ ಸಣ್ಣ ವಸ್ತುವಿನ ಕುರಿತು ಬರೆಯುತ್ತೇನೆ. ಶಾಲೆಗೂ ಅದಕ್ಕೂ ಇರುವ ಸಂಬಂಧ ಮುಂದೆ ತಿಳಿಯುತ್ತದೆ.

1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಪ್ರಜೆಗಳು. ಹೀಗಾಗಿ ನಮ್ಮ ಕಸುಬಿನ ಹಿರಿಯರು ಗೌರವದಿಂದ ನೆನೆಯುತ್ತಿದ್ದ ಹೆಸರು ರಾಜಾ ದೀನದಯಾಳರದು. 1844ರಲ್ಲಿ ಮೀರತ್ ಹತ್ತಿರದ ಸರಧನಾದಲ್ಲಿ ಹುಟ್ಟಿ, ಮುಂದೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದ ಅವರು 1905ರಲ್ಲಿ ತೀರಿಕೊಂಡರು. ಅರಮನೆ, ಬೇಟೆ, ಕವಾಯತುಗಳ ಅವರ ಚಿತ್ರಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೊಂದು ಕೆಲಸ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ನಡೆಸುವ ಹೊಣೆಯನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಮನೆಯ ಹೆಣ್ಣುಮಗಳನ್ನು ಪರಪುರುಷನೊಬ್ಬ ದಿಟ್ಟಿಸಿ ನೋಡಬೇಕಾದ ಈ ವೃತ್ತಿಯ ಸಂಕೋಚವನ್ನು ಅವರು ಅಂದೇ ಅರಿತಿದ್ದರು.

ನಾನು ಕೆಲಸ ಕಲಿತದ್ದು ಶಹಾಬಾದದಲ್ಲಿ, ಚಿಕ್ಕ ಸ್ಟುಡಿಯೋ ನಡೆಸುತ್ತಿದ್ದ ಒಬ್ಬ ಉಸ್ತಾದರ ಕೈಕೆಳಗೆ. ಕಾರ್ಖಾನೆಗಳಿಗೂ ಹಾಸುಗಲ್ಲಿನ ಖಣಿಗಳಿಗೂ ದೂರದೂರದಿಂದ ಬಂದ ಜನ, ಊರಿಗೆ ಕಳುಹಿಸಲು ಒಂದೊಂದು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಉಸ್ತಾದರು ಮಾತು ಕಡಿಮೆಯವರು. ಅವರು ಕಡ್ಡಾಯವಾಗಿ ಕಲಿಸಿದ್ದು ಎರಡು ಸಂಗತಿ: ಒಂದು ನೀರು, ಇನ್ನೊಂದು ರಿಜಿಸ್ಟರು.

ನಮ್ಮದು ಸುಣ್ಣಕಲ್ಲಿನ ನೆಲ. ಸಿಮೆಂಟಿಗೂ ಹಾಸುಗಲ್ಲಿಗೂ ಅನ್ನ ಕೊಡುವ ಅದೇ ಕಲ್ಲು ಬಾವಿಯ ನೀರನ್ನು ಗಡಸು ಮಾಡುತ್ತದೆ. ತೊಳೆದ ಫಿಲ್ಮು ಒಣಗಿದಾಗ ಅದರ ಮೇಲೆ ಸುಣ್ಣದ ಸಣ್ಣ ಚುಕ್ಕೆಗಳು ನಿಲ್ಲುತ್ತವೆ. ಕಾಗದಕ್ಕೆ ಇಳಿಸಿದರೆ ಮುಖದ ಮೇಲೆ ಬಿಳಿಯ ಕಲೆಗಳಾಗುತ್ತವೆ. ಅದಕ್ಕಾಗಿ ಕೊನೆಯ ತೊಳೆತಕ್ಕೆಂದು ಉಸ್ತಾದರು ಮಳೆಯ ನೀರನ್ನು ಹಿಡಿದಿಟ್ಟು, ಬಟ್ಟೆಯಲ್ಲಿ ಸೋಸಿ ಬಳಸುತ್ತಿದ್ದರು. ಇನ್ನು ಬೇಸಿಗೆ. ಫಿಲ್ಮು ತೊಳೆಯುವ ದ್ರಾವಣ ಇಪ್ಪತ್ತು ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರಬೇಕು. ಲಗ್ನದ ಸುಗ್ಗಿಯಾದ ವೈಶಾಖದಲ್ಲಿ ನಮ್ಮ ಭಾಗದ ಬಿಸಿಲು ನಲವತ್ತನ್ನು ದಾಟುತ್ತದೆ. ಆ ಶಾಖದಲ್ಲಿ ಫಿಲ್ಮಿನ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಹಾಲಿನ ಕೆನೆಯಂತೆ ಜಾರತೊಡಗುತ್ತದೆ. ಪದರ ಗಟ್ಟಿಯಾಗಲೆಂದು ಹೈಪೋ ದ್ರಾವಣಕ್ಕೆ ಪಟಿಕ ಬೆರೆಸಿ, ದ್ರಾವಣದ ಪಾತ್ರೆಯನ್ನು ಬರ್ಫಿನ ನೀರಿನಲ್ಲಿಟ್ಟು, ನಡುರಾತ್ರಿಯ ಮೇಲೆ ನಾವು ತೊಳೆಯಲು ಕೂಡುತ್ತಿದ್ದೆವು. ಊರು ಮಲಗಿರುವಾಗ ಕೆಂಪು ದೀಪದ ಬೆಳಕಿನಲ್ಲಿ, ಬೆಳ್ಳನೆಯ ಕಾಗದದ ಮೇಲೆ ಒಂದು ಮುಖ ಮೆಲ್ಲನೆ ಮೂಡಿಬರುವುದನ್ನು ಎಷ್ಟು ಸಲ ಕಂಡರೂ ನನಗೆ ಬೇಸರವಾಗಲಿಲ್ಲ.

1970ರ ದಶಕದಲ್ಲಿ ನಿಶ್ಚಯ ಕಾರ್ಯವೊಂದಕ್ಕೆ ಒಂದೇ ಸುರುಳಿ ಫಿಲ್ಮು, ಆರು ಸೆಂಟಿಮೀಟರ್ ಚೌಕದ ಹನ್ನೆರಡು ಚಿತ್ರ. ಹದಿಮೂರನೆಯದನ್ನು ಕೊಡುವ ಶಕ್ತಿ ಬಹುತೇಕ ಮನೆಗಳಿಗಿರಲಿಲ್ಲ. ಆದ್ದರಿಂದ ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂಬುದು ಮೊದಲೇ ತೀರ್ಮಾನವಾಗಬೇಕು. ಗುರುಗಳೋ ಜಂಗಮಮೂರ್ತಿಗಳೋ ಆಸೀನರಾದ ಚಿತ್ರ ಮೊದಲು. ಅನಂತರ ಬೀಗರು ಬೀಗರು ಎಲೆ ಅಡಿಕೆ ಬದಲಿಸಿಕೊಂಡದ್ದು, ಹಿರಿಯರ ಸಾಲು, ವರನ ಒಂಟಿ ಚಿತ್ರ. ಹೆಣ್ಣುಮಗಳಿಗೆ ಉಳಿಯುತ್ತಿದ್ದುದು ಎರಡು ಅಥವಾ ಮೂರು. ಪಡಸಾಲೆಯ ಹಾಸುಗಲ್ಲಿನ ಮೇಲೆ ಮಣೆ ಹಾಕಿ ಕೂಡಿಸಿ, ಐವರು ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು, ಖಣ ಇವುಗಳಿಂದ ಉಡಿ ತುಂಬುವ ಚಿತ್ರ ಅವುಗಳಲ್ಲಿ ಮುಖ್ಯವಾದದ್ದು. ವಧೂವರರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ತೆಗೆಯುವುದು ಆಗಿನ ನಮ್ಮ ಹಳ್ಳಿಗಳಲ್ಲಿ ಕೇಳಬಾರದ ಮಾತು. ಈಗಿನ ತರುಣರು ಜೋಡಿಗಳನ್ನು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ದಂಡೆಗೂ ಮಳಖೇಡದ ಕೋಟೆಗೂ ಕರೆದೊಯ್ದು ಒಂದೇ ದಿನ ಸಾವಿರ ಚಿತ್ರ ತೆಗೆಯುತ್ತಾರೆ. ನಾನದನ್ನು ಹಳಿಯಲಾರೆ. ನಮ್ಮ ಕಾಲದ ಹುಡುಗಿಯರು ನಗುವುದಕ್ಕೂ ಅಪ್ಪಣೆ ಕೇಳಬೇಕಾಗಿತ್ತು. ಇವರು ತಾವಾಗಿ ನಗುತ್ತಾರೆ.

ನನ್ನ ಯಾಶಿಕಾ ಕ್ಯಾಮರಾದ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅದನ್ನು ಎದೆಯ ಕೆಳಗೆ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ಬಿಂಬವನ್ನು ನೋಡಬೇಕು. ಛಾಯಾಗ್ರಾಹಕ ಹುಡುಗಿಯ ಕಡೆಗೆ ನೋಡುವುದಿಲ್ಲ, ನಮಸ್ಕರಿಸುವವನಂತೆ ಬಾಗಿರುತ್ತಾನೆ. ಮನೆಯ ಹಿರಿಯರಿಗೆ ಇದರಿಂದ ಎಷ್ಟು ಸಮಾಧಾನವಾಗುತ್ತಿತ್ತೆಂದು ನಾನೇ ಕಂಡಿದ್ದೇನೆ. ಅಷ್ಟಾದರೂ ಸೆರಗು ಸರಿಪಡಿಸಲು, ಗದ್ದ ಎತ್ತಿ ಬೆಳಕಿಗೆ ತಿರುಗಿಸಲು ಹೆಣ್ಣಿನ ಕೈಯೇ ಬೇಕು. ಮದುವೆಯಾದ ಮೇಲೆ ನನ್ನ ಮನೆಯಾಕೆ ನನ್ನೊಡನೆ ಬರತೊಡಗಿದಳು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ 1874ರಷ್ಟು ಹಳೆಯದು; ಆ ದಾರಿಯ ಊರುಗಳಿಗೆ ನಾವು ಗಾಡಿಯಲ್ಲಿ ಹೋಗುತ್ತಿದ್ದೆವು. ಚಿಂಚೋಳಿಗೆ ರೈಲಿಲ್ಲ, ಸೇಡಂನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಬಸ್ಸಿನಲ್ಲಿ ಕ್ಯಾಮರಾದ ಚೀಲ ಆಕೆಯ ತೊಡೆಯ ಮೇಲಿರುತ್ತಿತ್ತು. ಚಿತ್ರ ತೆಗೆಯುವ ಮೊದಲು ಆಕೆ ಒಳಕೋಣೆಗೆ ಹೋಗಿ, ಹುಡುಗಿಯ ಹೆಸರು ಕೇಳಿ, ನಾಲ್ಕು ಮಾತಾಡಿ, ಹೊರಗೆ ಕರೆತರುವಳು. ಆಗ ಮುಖದ ಬಿಗುವು ಸಡಿಲುತ್ತಿತ್ತು. ನನ್ನ ಚಿತ್ರಗಳನ್ನು ಯಾರಾದರೂ ಮೆಚ್ಚಿದ್ದರೆ ಅರ್ಧ ಶ್ರೇಯಸ್ಸು ಆಕೆಗೆ ಸಲ್ಲಬೇಕು.

ಹೇಳಿ ತೆಗೆಸುವ ಚಿತ್ರದಲ್ಲಿ ಹೇಳುವವರು ಯಾರು? ಮುಖ ಹುಡುಗಿಯದು, ಹಣ ಕೊಡುವವರು, ಹೇಗಿರಬೇಕೆಂದು ಹೇಳುವವರು ತಂದೆಯೋ ಅಣ್ಣನೋ. ಅವರ ಮೊದಲ ಮಾತು ಬಹುಶಃ ಯಾವಾಗಲೂ ಒಂದೇ: “ಸ್ವಲ್ಪ ಕೆಂಪಗ ಬರೋಹಂಗ ಮಾಡ್ರಿ.” ನಮ್ಮ ಸೀಮೆಯಲ್ಲಿ ಬೆಳ್ಳಗಿನ ಮೈಬಣ್ಣಕ್ಕೆ ಕೆಂಪು ಎನ್ನುತ್ತಾರೆ. ವಿನೋದವೆಂದರೆ, ಹಳೆಯ ಕಾಲದ ಫಿಲ್ಮು ಕೆಂಪು ಬಣ್ಣಕ್ಕೇ ಕುರುಡಾಗಿತ್ತು. ಅದರಲ್ಲಿ ಕುಂಕುಮ ಕಪ್ಪಗೆ, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಗೆ, ನಮ್ಮ ಬಿಸಿಲಿನ ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಗೆ ಮೂಡುತ್ತಿದ್ದವು. ವಿಭೂತಿಯೊಂದೇ ಬೆಳ್ಳಗೆ ಹೊಳೆಯುತ್ತಿತ್ತು. ಎಲ್ಲ ಬಣ್ಣಗಳನ್ನೂ ಅರಿಯುವ ಫಿಲ್ಮು ಬಂದು ಆ ಕುರುಡು ಹೋಯಿತು, ಬೇಡಿಕೆ ಹೋಗಲಿಲ್ಲ. ಅದಕ್ಕೆ ಉಪಾಯ ಸೀಸದ ಕಡ್ಡಿ. ನೆಗೆಟಿವಿನ ಮೇಲೆ ರಾಳ ಮತ್ತು ಟರ್ಪೆಂಟೈನಿನ ತೆಳುವಾದ ಲೇಪ ಕೊಟ್ಟು, ಸೂಜಿಯಂತೆ ಚೂಪಾಗಿಸಿದ ಕಡ್ಡಿಯಿಂದ ಮುಖದ ಭಾಗವನ್ನು ಸಣ್ಣ ಸಣ್ಣ ಗೆರೆಗಳಿಂದ ತುಂಬುತ್ತ ಹೋಗುವುದು. ನೆಗೆಟಿವಿನಲ್ಲಿ ಕಪ್ಪಾದದ್ದು ಕಾಗದದಲ್ಲಿ ಬೆಳ್ಳಗಾಗುತ್ತದೆ. ಮೊಡವೆ ಹೋಗುತ್ತದೆ, ಸಿಡುಬಿನ ಕಲೆ ಹೋಗುತ್ತದೆ, ಕೈ ಮೀರಿದರೆ ಆ ಮುಖವೇ ಹೋಗುತ್ತದೆ. ಆ ಕಾಲದ ಎಲ್ಲ ಸ್ಟುಡಿಯೋಗಳ ಕೆಲಸವೂ ಹೀಗೆಯೇ ನಡೆಯುತ್ತಿತ್ತು.

ಈ ಹನ್ನೆರಡು ಚಿತ್ರಗಳ ನಿಜವಾದ ಉಪಯೋಗ ಎಷ್ಟೋ ವರ್ಷಗಳ ಮೇಲೆ ಬರುತ್ತದೆ. 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರದ ಗುರುತಿನ ಚೀಟಿಗೆ ಆದೇಶ ಮಾಡುವ ಮುನ್ನ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಿಗೆ ಬದುಕಿದ್ದಾಗ ತೆಗೆದ ಚಿತ್ರವೆಂದರೆ ನಿಶ್ಚಯದ್ದೊಂದೇ. ಇನ್ನೊಂದು ಚಿತ್ರ ಲಿಂಗೈಕ್ಯರಾದ ದಿನದ್ದು. ದೇಹವನ್ನು ಕೂಡಿಸಿ, ವಿಭೂತಿ ಧರಿಸಿ, ಹೂವಿನಿಂದ ಅಲಂಕರಿಸಿ, ಸುತ್ತಲೂ ಮನೆಯವರು ಕುಳಿತು ತೆಗೆಸುವ ಕಡೆಯ ಚಿತ್ರ. ಅದಕ್ಕೂ ನಾನೇ ಹೋಗುತ್ತಿದ್ದೆ.

2009ರಲ್ಲಿ ಸೇಡಂ ಕಡೆಯ ಒಬ್ಬ ತರುಣ ಅಂಗಡಿಗೆ ಬಂದ. ಅವನು ಹಾಲುಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿದ್ದುದು ಕಣ್ಣು ಮುಚ್ಚಿದ ಆ ಕಡೆಯ ಚಿತ್ರ ಮಾತ್ರ. “ಅವ್ವನ ಕಣ್ಣು ನೋಡಬೇಕಾಗ್ಯದರಿ ಕಾಕಾ” ಎಂದ. ತಾಯಿಯ ತಂದೆಯ ಹೆಸರು, ಊರು, ನಿಶ್ಚಯವಾದ ವರ್ಷ 1981 ಇಷ್ಟು ಅವನಿಗೆ ಗೊತ್ತಿತ್ತು. ರಿಜಿಸ್ಟರು ತೆರೆದೆ, ಅಜ್ಜನ ಹೆಸರಿನ ಮುಂದೆ ಸಂಖ್ಯೆ ಸಿಕ್ಕಿತು, ಪೆಟ್ಟಿಗೆಯಿಂದ ಲಕೋಟೆ ಸಿಕ್ಕಿತು. ಉಡಿ ತುಂಬುವ ಚಿತ್ರದಿಂದ ಮುಖದ ಭಾಗವನ್ನಷ್ಟೇ ಹಿರಿದು ಮಾಡಿ ಕೊಟ್ಟೆ. ಎರಡು ದಿನಗಳ ಮೇಲೆ ಅವನು ತನ್ನ ಚಿಗವ್ವನನ್ನು ಕರೆದುಕೊಂಡು ಮತ್ತೆ ಬಂದ. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿ, “ಕಣ್ಣು ನಮ್ಮಕ್ಕಂದೇ ಅದಾವರಿ. ಆದರ ಅಕ್ಕ ಇಷ್ಟು ಕೆಂಪಗ ಇರಲಿಲ್ಲ. ಗಲ್ಲದ ಮ್ಯಾಲ ಒಂದು ಮಚ್ಚಿ ಇತ್ತು, ಅದೂ ಕಾಣವಲ್ದು” ಎಂದಳು.

ಸೀಸದ ಕಡ್ಡಿ ಫಿಲ್ಮಿನೊಳಗೆ ಇಳಿಯುವುದಿಲ್ಲ. ಲೇಪದ ಮೇಲಷ್ಟೇ ನಿಲ್ಲುತ್ತದೆ. ಹತ್ತಿಗೆ ಟರ್ಪೆಂಟೈನು ಹಚ್ಚಿ ಆ ನೆಗೆಟಿವನ್ನು ಮೆಲ್ಲನೆ ಒರೆಸಿದೆ. ಇಪ್ಪತ್ತೆಂಟು ವರ್ಷದ ಹಿಂದೆ ಅಜ್ಜ ಹೇಳಿ ಮಾಡಿಸಿದ ಬಣ್ಣ ಹತ್ತಿಯ ಮೇಲೆ ಬೂದಿಯ ಹಾಗೆ ಬಂದಿತು. ಮತ್ತೆ ಕಾಗದಕ್ಕೆ ಇಳಿಸಿದಾಗ ಎಣ್ಣೆಗಪ್ಪಿನ ಮುಖ, ಎಡಗಲ್ಲದ ಮೇಲೆ ಮಚ್ಚೆ. ಚಿಗವ್ವ ಅತ್ತಳು. ಹುಡುಗ ಅಳಲಿಲ್ಲ, ಗಲ್ಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಅವನಿಗೂ ಅಲ್ಲಿಯೇ ಮಚ್ಚೆಯಿತ್ತು.

ಅಂದು ಅವರು ಹೋದ ಮೇಲೆ ರಿಜಿಸ್ಟರಿನ ಆ ಸಾಲನ್ನು ಮತ್ತೊಮ್ಮೆ ಓದಿದೆ. ಸಂಖ್ಯೆ, ತಾರೀಖು, ತಂದೆಯ ಹೆಸರು, ಊರು, ಕೊನೆಯಲ್ಲಿ ‘ಮಗಳ ನಿಶ್ಚಯ’. ಯಾವ ಮಗಳು? ಪುಟ ತಿರುವುತ್ತ ಹೋದೆ. ಎಲ್ಲ ಕಡೆಯೂ ಹಾಗೆಯೇ. ಉಸ್ತಾದರು ಉರ್ದುವಿನಲ್ಲಿ ಬರೆಯುತ್ತಿದ್ದರು, ನಾನು ಕನ್ನಡದಲ್ಲಿ. ಲಿಪಿ ಬದಲಾದರೂ ಪದ್ಧತಿ ಬದಲಾಗಿರಲಿಲ್ಲ. ಹಣ ಕೊಟ್ಟವರ ಹೆಸರಿನಲ್ಲಿ ಲೆಕ್ಕ ಇಡುವುದು ಪೇಟೆಯ ರೂಢಿ.

ಈ ರೂಢಿ ಇನ್ನೂ ಹಳೆಯದೇನೋ. ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ಭೀಮಾ ತೀರದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂದದ್ದನ್ನು ಓದುಗರು ಬಲ್ಲರು. ಅಲ್ಲಿಯ ಒಂದು ಶಿಲಾಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಛತ್ರ ಚಾಮರ ಹಿಡಿದ ಪರಿಚಾರಿಕೆಯರು ಇದ್ದಾರೆ. ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿರುವುದರಿಂದ ಅದು ಅಶೋಕ ಚಕ್ರವರ್ತಿಯ ಚಿತ್ರವೆಂದು ತಿಳಿದು ವಿದ್ವಾಂಸರು ಹರ್ಷಪಟ್ಟರು. ಅಶೋಕನು ಕಾಲವಾಗಿ ಎಷ್ಟೋ ತಲೆಮಾರುಗಳಾದ ಮೇಲೆ ಕೆತ್ತಿದ ಶಿಲ್ಪವದು. ಶಿಲ್ಪಿ ಅವನ ಮುಖವನ್ನು ಕಂಡವನಲ್ಲ. ಆದರೂ ಹೆಸರಿದ್ದುದರಿಂದ ಆ ಮುಖ ಅಶೋಕನದಾಯಿತು. ಪಕ್ಕದ ರಾಣಿಗೆ ಅಲ್ಲಿ ಹೆಸರಿಲ್ಲ. ನಾನು ತೆಗೆದ ಹುಡುಗಿಯರ ಮುಖಗಳು ಕಲ್ಪಿತವಲ್ಲ. ಆದರೂ ಅವರ ಸ್ಥಿತಿ ಆ ರಾಣಿಯದೇ.

ಫಿಲ್ಮಿನ ಕಾಲ ಮುಗಿದಾಗ ಹಳೆಯ ನೆಗೆಟಿವುಗಳನ್ನು ತೂಕದ ಮೇಲೆ ಕೊಳ್ಳುವವರು ನಮ್ಮ ಊರುಗಳಿಗೂ ಬಂದರು. ಕಪ್ಪುಬಿಳುಪು ಫಿಲ್ಮಿನ ಬಿಂಬವೆಂದರೆ ಬೆಳ್ಳಿಯ ಕಣಗಳು. ಸುಟ್ಟೋ ಆಮ್ಲದಲ್ಲಿ ಕರಗಿಸಿಯೋ ಬೆಳ್ಳಿ ತೆಗೆಯುತ್ತಾರೆ. ಅಂಗಡಿ ಮುಚ್ಚಿದ ಕೆಲವು ವೃತ್ತಿಬಾಂಧವರು ಕೊಟ್ಟುಬಿಟ್ಟರು. ಬಾಡಿಗೆ ಕಟ್ಟಲಾಗದವನು ಇನ್ನೇನು ಮಾಡಿಯಾನು? ನನ್ನ ಪೆಟ್ಟಿಗೆಗಳು ಉಳಿದದ್ದು ಮನೆಯಾಕೆಯ ಹಟದಿಂದ. ಆಕೆಗೆ ಹುಡುಗಿಯರ ಹೆಸರು ನೆನಪಿದ್ದವು. ನಾಲ್ಕು ವರ್ಷಗಳಿಂದ ಸಂಜೆ ಸಂಜೆ ನಾನು ನೆಗೆಟಿವನ್ನು ಬೆಳಕಿಗೆ ಹಿಡಿಯುವುದು, ಆಕೆ ನೋಡಿ ಹೇಳುವುದು, ನಾನು ಲಕೋಟೆಯ ಮೇಲೆ ಬರೆಯುವುದು ನಡೆದಿದೆ. ಕಳೆದ ಯುಗಾದಿಯಿಂದ ಆಕೆಯ ದೃಷ್ಟಿ ಮಂದವಾಗಿದೆ. ಇನ್ನೂ ಎರಡು ಪೆಟ್ಟಿಗೆ ಉಳಿದಿವೆ.

ಶಾಲೆಯ ಸಂಬಂಧ ಇಲ್ಲಿ ಬರುತ್ತದೆ. ಪ್ರತಿವರ್ಷ ಪೂಜ್ಯ ಅಪ್ಪಗಳನ್ನು ನಡುವೆ ಕೂಡಿಸಿ ಹತ್ತನೆಯ ವರ್ಗದ ಸಾಮೂಹಿಕ ಚಿತ್ರ ತೆಗೆಯುವ ಪುಣ್ಯ ನನಗೆ ಬಹುಕಾಲ ಒದಗಿತ್ತು. ಚಿತ್ರದ ಕೆಳಗೆ ಅಂಟಿಸಲು ಗುರುಗಳು ತಮ್ಮ ಕೈಯಾರೆ ಹೆಸರುಗಳನ್ನು ಬರೆದು ಕೊಡುತ್ತಿದ್ದರು: ಕುಳಿತವರು ಎಡದಿಂದ, ನಿಂತವರು ಎಡದಿಂದ. ಅದರಲ್ಲಿ ಹುಡುಗಿಯರ ಹೆಸರೂ ಪೂರ್ತಿಯಾಗಿ ಇರುತ್ತಿತ್ತು. ನನ್ನ ರಿಜಿಸ್ಟರಿನಲ್ಲಿ ‘ಮಗಳು’ ಎಂದಷ್ಟೇ ಇರುವ ಕೆಲವರು ಎರಡು ಮೂರು ವರ್ಷ ಮೊದಲು ಅದೇ ಕ್ಯಾಮರಾದ ಮುಂದೆ ಎರಡು ಜಡೆ ಹಾಕಿಕೊಂಡು, ಹೆಸರುಳ್ಳವರಾಗಿ ನಿಂತಿದ್ದಾರೆ. ಕಾರ್ಯಾಲಯದ ಗೋಡೆಯ ಮೇಲಿರುವ ಆ ಚಿತ್ರಗಳೊಡನೆ ಹೋಲಿಸಿ ಈಗಾಗಲೇ ಒಂಬತ್ತು ಮಂದಿಯನ್ನು ಗುರುತಿಸಿದ್ದೇವೆ.

ಮುಖ್ಯಾಧ್ಯಾಪಕರು ಗ್ರಂಥಾಲಯದಲ್ಲಿ ಒಂದು ಕಪಾಟನ್ನು ತೆರವು ಮಾಡಿಕೊಟ್ಟಿದ್ದಾರೆ. ದಾನಿಯೊಬ್ಬರು ತೇವ ಹಿಡಿಯದಂತೆ ಅದಕ್ಕೆ ಗಾಜಿನ ಬಾಗಿಲು ಹಾಕಿಸಿದ್ದಾರೆ. ಉಳಿದ ಎರಡು ಪೆಟ್ಟಿಗೆಗಳ ಚಿತ್ರಗಳನ್ನು ಕಾಗದಕ್ಕೆ ಇಳಿಸಿ ಅಲ್ಲಿ ಇಟ್ಟಿದ್ದೇನೆ. ಹೊರಗಿನವರ ಕೈಗೆ ಅವು ಸಿಗುವುದಿಲ್ಲ. ಮನೆಯವರು ಬಂದರೆ ಗ್ರಂಥಪಾಲಕರು ತೋರಿಸುತ್ತಾರೆ. 1974ರಿಂದ 1990ರ ನಡುವೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತ ನಿಶ್ಚಯವಾದ ಅಕ್ಕನೋ ಅತ್ತೆಯೋ ಚಿಗವ್ವನೋ ನಿಮ್ಮ ಮನೆಯಲ್ಲಿದ್ದರೆ ಬಂದು ನೋಡಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿ. ಗುರುತು ಹತ್ತಿದರೆ ಲಕೋಟೆಯ ಹಿಂದೆ ಆಕೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಬೇಡ, ಅದು ಫಿಲ್ಮಿಗೆ ಇಳಿಯುತ್ತದೆ.